ಸಂಪಿಗೆ ರಸ್ತೆಯ ಶಿಶುವಿಹಾರ, ಮಲೆನಾಡಿನ ಅಂಗಳ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರಗಳ ಹೆಸರು ಹೊತ್ತ ಎರಡು ದೊಡ್ಡ ರಸ್ತೆಗಳಿವೆ. ಒಂದು ಸಂಪಿಗೆ ರಸ್ತೆ. ಇನ್ನೊಂದು ಮಾರ್ಗೋಸಾ ರಸ್ತೆ, ಎಂದರೆ ಬೇವಿನ ರಸ್ತೆ. ಬಡಾವಣೆಗೆ ಹೆಸರು ಬಂದದ್ದು ಕಾಡು ಮಲ್ಲೇಶ್ವರನಿಂದ. ಹೀಗೆ ಆ ಭಾಗದ ವಿಳಾಸದಲ್ಲಿಯೇ ಕಾಡು, ಸಂಪಿಗೆ, ಬೇವು ಮೂರೂ ಉಳಿದುಕೊಂಡಿವೆ. ಆ ವಿಳಾಸವನ್ನು ಬಾಯಿಪಾಠ ಮಾಡುವ ನಾಲ್ಕು ವರ್ಷದ ಮಗುವಿಗೆ ಸಂಪಿಗೆಯ ಎಲೆಗೂ ಬೇವಿನ ಎಲೆಗೂ ಇರುವ ವ್ಯತ್ಯಾಸ ಮುಟ್ಟಿ, ಮೂಸಿ ತಿಳಿದಿದೆಯೇ ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಶಿಶುಶಿಕ್ಷಣದ ಇಡೀ ಸಮಸ್ಯೆ ಆ ಒಂದು ಪ್ರಶ್ನೆಯೊಳಗೆ ಅಡಗಿದೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಪುಟ್ಟ ಮಕ್ಕಳು ಏನನ್ನು ಮುಟ್ಟಿ ಕಲಿಯುತ್ತಾರೆ ಎಂಬುದು ಘಟ್ಟದ ಹಳ್ಳಿಗಳಲ್ಲಿ ಓದುವ ಪತ್ರಿಕೆಗೆ ಏಕೆ ವಿಷಯವಾಗಬೇಕು ಎಂಬ ಸಂಶಯ ಸಹಜ. ಅದಕ್ಕೆ ಎರಡು ಕಾರಣಗಳಿವೆ. ಘಟ್ಟದ ನದಿ, ಕಾಡು, ಗುಡ್ಡಗಳ ಭವಿಷ್ಯವನ್ನು ತೀರ್ಮಾನಿಸುವ ಕುರ್ಚಿಗಳು ಬೆಂಗಳೂರಿನಲ್ಲಿವೆ. ನಾಳೆ ಅವುಗಳಲ್ಲಿ ಕೂರುವವರಲ್ಲಿ ಹಲವರು ಇಂದು ಅಲ್ಲಿನ ಶಿಶುವಿಹಾರಗಳಲ್ಲಿ ಮಣೆಯ ಮೇಲೆ ಕುಳಿತಿದ್ದಾರೆ. ಇದು ಮೊದಲನೆಯದು. ಎರಡನೆಯದು ಇನ್ನೂ ಹತ್ತಿರದ್ದು. ಶಿಕ್ಷಣದಲ್ಲಿ ಬೆಂಗಳೂರು ಇಂದು ಮಾಡುವುದನ್ನು ತಾಲ್ಲೂಕು ಕೇಂದ್ರಗಳು ನಾಳೆ ಮಾಡುತ್ತವೆ, ನಾಡಿದ್ದು ಹಳ್ಳಿಗಳು ಅದನ್ನೇ ಹಂಬಲಿಸುತ್ತವೆ. ಹೀಗಾಗಿ ಅಲ್ಲಿನ ತಪ್ಪೂ ಇಲ್ಲಿಗೆ ಬರುತ್ತದೆ, ಅಲ್ಲಿನ ತಿದ್ದುಪಡಿ ಮಾತ್ರ ಬರಲು ತಡವಾಗುತ್ತದೆ.

ಹೆಸರಿನೊಳಗೆ ಉಳಿದ ತೋಟ

ಎಳೆಯ ಮಕ್ಕಳ ಶಾಲೆಗೆ ಇರುವ ಹೆಸರುಗಳನ್ನು ಒಮ್ಮೆ ಬಿಡಿಸಿ ನೋಡಬೇಕು. ‘ಎಲ್‌ಕೆಜಿ’ ಎಂಬ ಮೂರಕ್ಷರದಲ್ಲಿ ಕಡೆಯ ಎರಡು ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಪದದವು. ಅದರ ಅರ್ಥ ಮಕ್ಕಳ ತೋಟ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಈ ಹೆಸರಿಟ್ಟಾಗ ಅದು ಅಲಂಕಾರದ ಮಾತಾಗಿರಲಿಲ್ಲ. ಅವನ ಯೋಜನೆಯಲ್ಲಿ ಪ್ರತಿ ಮಗುವಿಗೂ ತನ್ನದೇ ಒಂದು ಸಣ್ಣ ಪಾತಿ ಇರಬೇಕಿತ್ತು. ಕನ್ನಡದ ‘ಶಿಶುವಿಹಾರ’ದಲ್ಲಿ ವಿಹಾರವಿದೆ, ಎಂದರೆ ಸ್ವಚ್ಛಂದವಾದ ಓಡಾಟ. ‘ಅಂಗನವಾಡಿ’ಯಲ್ಲಿ ಅಂಗಳವೂ ಇದೆ, ವಾಡಿಯೂ ಇದೆ.

ಈ ಕೊನೆಯ ಹೆಸರಿನ ಹಿಂದಿನ ಕಥೆ ಗುಡ್ಡಗಾಡಿನವರು ತಿಳಿದಿರಬೇಕಾದದ್ದು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ವೃತ್ತಿಯಿಂದ ವಕೀಲರಾಗಿದ್ದವರು. ಮಕ್ಕಳ ಮೇಲಿನ ಅಕ್ಕರೆಗಾಗಿ ಜನರು ಅವರನ್ನು ಮೀಸೆಯ ತಾಯಿ ಎಂದು ಕರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿಯಲ್ಲಿಯೂ ಕೋಸಬಾಡದ ಗುಡ್ಡದ ಮೇಲೂ ಅನುತಾಯಿ ವಾಘ್ ಅವರ ಜೊತೆಗೂಡಿ ವಾರಲಿ ಬುಡಕಟ್ಟಿನ ಮಕ್ಕಳಿಗಾಗಿ ಕೆಲಸ ಮಾಡಿದರು. ಬಡವರ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಹೀಗೆ ಹುಟ್ಟಿದ್ದು ಅಂಗನವಾಡಿ. ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿಗೇ ಹೋದ ಶಾಲೆಗೆ ಕುರಣ ಶಾಲೆ ಎಂದು ಹೆಸರಾಯಿತು. ಬೀಜ, ಎಲೆ, ಕಲ್ಲು, ಶಂಖ ಅಲ್ಲಿನ ಪಾಠೋಪಕರಣಗಳಾದವು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ಕರ್ನಾಟಕದಲ್ಲಿ ಮೊದಲಿಗೆ ತಿರುಮಕೂಡಲು ನರಸೀಪುರದಲ್ಲಿ ಕಾಲಿಟ್ಟಾಗ ಬಳಕೆಗೆ ಬಂದ ಹೆಸರು ಇದೇ ಅಂಗನವಾಡಿ.

ಇಟಲಿಯ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದ ಕಾರಣದಿಂದ ವರ್ಷಗಳ ಕಾಲ ಭಾರತದಲ್ಲಿಯೇ ಉಳಿಯಬೇಕಾಯಿತು. 1942ರಿಂದ 1944ರವರೆಗೆ ಅವರಿದ್ದುದು ಪಳನಿ ಬೆಟ್ಟಗಳ ಕೊಡೈಕನಾಲಿನಲ್ಲಿ. ಮಣ್ಣು, ನೀರು, ಗಿಡ, ಪ್ರಾಣಿ, ಮನುಷ್ಯ ಇವೆಲ್ಲ ಒಂದನ್ನೊಂದು ಆಧರಿಸಿವೆ ಎಂಬ ಅರಿವಿನಿಂದಲೇ ಶಿಕ್ಷಣ ಆರಂಭವಾಗಬೇಕೆಂಬ ಅವರ ಚಿಂತನೆ ಬಲಿತದ್ದು ಆ ಬೆಟ್ಟದ ಮಕ್ಕಳ ನಡುವೆ. ಅವರ ಪದ್ಧತಿಯಲ್ಲಿ ತರಬೇತಾದವರು ನಡೆಸುವ ಮನೆಗಳು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ದಶಕಗಳಿಂದ ಇವೆ. ಚಾಮರಾಜಪೇಟೆಯಲ್ಲಿ ‘ಸರಸ್ವತಿ’ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮನವರು ಸ್ವಾತಂತ್ರ್ಯಕ್ಕೂ ಮುಂಚೆ ಕಟ್ಟಿದ ಮಕ್ಕಳ ಕೂಟದ ಹೆಸರು ಇಂದಿಗೂ ಅಲ್ಲಿನ ವೃತ್ತಕ್ಕಿದೆ. ಎಂದ ಮೇಲೆ ಮಕ್ಕಳನ್ನು ಗೋಡೆಯಾಚೆಗೆ ಕರೆದೊಯ್ಯುವ ಕಲ್ಪನೆ ಈ ನಾಡಿಗೆ ಹೊಸದಲ್ಲ. ಹೆಸರುಗಳು ಉಳಿದು, ಹೆಸರಿನೊಳಗಿದ್ದ ತೋಟ ಮಾತ್ರ ಕಳೆದುಹೋಗಿರುವುದೇ ಇಂದಿನ ಸ್ಥಿತಿ.

ಬಡಾವಣೆಯೇ ಪಾಠಶಾಲೆ

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಹಾವಳಿ ಎಬ್ಬಿಸಿದ ಮೇಲೆ ಗಾಳಿ ಬೆಳಕಿಗಾಗಿ ಜನರು ಬಸವನಗುಡಿ, ಮಲ್ಲೇಶ್ವರಗಳತ್ತ ನಡೆದರು. ಅಗಲವಾದ ರಸ್ತೆ, ಸಾಲುಮರ, ಮನೆಯ ಮುಂದೊಂದು ಪಾರಿಜಾತ, ಹಿತ್ತಲಲ್ಲಿ ತೆಂಗು, ಕರಿಬೇವು, ನಿಂಬೆ. ಈ ಬಡಾವಣೆಗಳು ಹುಟ್ಟಿದ್ದೇ ಮನುಷ್ಯನಿಗೆ ತೆರೆದ ನೆಲ ಬೇಕೆಂಬ ಅರಿವಿನಿಂದ. ಆ ಹಿತ್ತಲುಗಳ ಜಾಗದಲ್ಲಿ ಇಂದು ಬಹುಮಹಡಿ ವಸತಿಗಳು ಎದ್ದಿವೆ. ಆದರೂ ಮಗುವಿಗೆ ಕಲಿಸಲು ಬೇಕಾದ ಸಂಪತ್ತು ಅಲ್ಲಿ ಇನ್ನೂ ಉಳಿದಿದೆ. ನೋಡುವ ಕಣ್ಣು, ನಡೆಸುವ ಕೈ ಬೇಕಷ್ಟೆ.

ಬಸವನಗುಡಿಯಿಂದ ನಡೆದು ಹೋಗುವಷ್ಟು ಹತ್ತಿರದ ಲಾಲ್‌ಬಾಗಿನ ಬಂಡೆಯನ್ನು ನೋಡಬಹುದು. ಸುಮಾರು 300 ಕೋಟಿ ವರ್ಷ ಹಳೆಯದೆಂದು ಲೆಕ್ಕ ಹಾಕಲಾದ ಈ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ನಾಲ್ಕು ವರ್ಷದ ಮಗುವಿಗೆ ಕೋಟಿಯ ಲೆಕ್ಕ ಬೇಕಿಲ್ಲ. ಬೆಳಿಗ್ಗೆ ತಣ್ಣಗಿದ್ದ ಬಂಡೆ ಹನ್ನೊಂದು ಗಂಟೆಗೆ ಅಂಗಾಲು ಸುಡುವುದು, ಅದರ ಬಿರುಕಿನಲ್ಲಿ ಹಿಡಿಮಣ್ಣು ಸೇರಿದಲ್ಲಿ ಹುಲ್ಲು ಹುಟ್ಟಿರುವುದು, ಮಳೆ ಬಂದ ಮರುದಿನ ಕುಳಿಯಲ್ಲಿ ನಿಂತ ನೀರು ಮೂರನೆಯ ದಿನ ಕಾಣೆಯಾಗಿರುವುದು ಇವು ಸಾಕು. ಕಲ್ಲು ಮಣ್ಣಾಗುವ, ನೀರು ಆವಿಯಾಗುವ ಪಾಠದ ಬೀಜ ಅಲ್ಲಿಯೇ ಬಿತ್ತನೆಯಾಗುತ್ತದೆ. ಅದಕ್ಕೆ ಹೆಸರು ಹೈಸ್ಕೂಲಿನಲ್ಲಿ ಸಿಕ್ಕರೆ ಸಾಕು.

ಇನ್ನೊಂದು ಉದಾಹರಣೆ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲದ ಬೆಳೆಯನ್ನು ಬಸವ ಮೇಯುತ್ತಿದ್ದನೆಂಬ ಐತಿಹ್ಯದೊಂದಿಗೆ, ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವನ ಗುಡಿಯ ಸುತ್ತ ಇಂದಿಗೂ ರಾಶಿ ರಾಶಿ ಕಡಲೆಕಾಯಿ ಬಂದು ಬೀಳುತ್ತದೆ. ಹೊಲಗಳು ಹೋಗಿ ತಲೆಮಾರುಗಳೇ ಕಳೆದಿವೆ. ಪರಿಷೆ ಮಾತ್ರ ಹೊಲದ ನೆನಪನ್ನು ಹೊತ್ತು ತರುತ್ತದೆ. ಅಂದು ಕೊಂಡ ಹಸಿ ಕಡಲೆಕಾಯಿಯಿಂದ ಒಂದು ಬೀಜ, ಹುರಿದ ಕಾಯಿಯಿಂದ ಒಂದು ಬೀಜ ತೆಗೆದು ಎರಡು ಕುಂಡಗಳಲ್ಲಿ ಮಕ್ಕಳ ಕೈಯಿಂದಲೇ ಬಿತ್ತಿಸಿದರೆ, ವಾರ ಹತ್ತು ದಿನದೊಳಗೆ ಒಂದು ಕುಂಡ ಮಾತನಾಡುತ್ತದೆ, ಇನ್ನೊಂದು ಮೌನವಾಗಿರುತ್ತದೆ. ಏಕೆ ಎಂಬ ಪ್ರಶ್ನೆಯನ್ನು ಮಗುವೇ ಎತ್ತುತ್ತದೆ. ತಿಂಗಳ ಹೊತ್ತಿಗೆ ಹಳದಿ ಹೂ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಕೆಳಮುಖವಾಗಿ ಇಳಿದು ಮಣ್ಣೊಳಗೆ ಹೊಗುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಗಿಡ ಕಿತ್ತಾಗ, ಹೂವಾದದ್ದು ಮೇಲೆ, ಕಾಯಾದದ್ದು ಕೆಳಗೆ ಎಂಬ ಸೋಜಿಗ ಎದುರಿಗೆ ಬರುತ್ತದೆ. ಒಂದು ಹಿಡಿ ಕಡಲೆಕಾಯಿ, ಎರಡು ಒಡೆದ ಕುಂಡ, ನಾಲ್ಕು ತಿಂಗಳ ಸಹನೆ ಇಷ್ಟೇ ಇದರ ಖರ್ಚು. ತೀರ ಎಳೆಯರು ಇಡೀ ಬೀಜವನ್ನು ಬಾಯಿಗಿಟ್ಟು ಗಂಟಲಿಗೆ ಸಿಕ್ಕಿಸಿಕೊಳ್ಳದಂತೆ ದೊಡ್ಡವರ ಕಣ್ಣು ಜೊತೆಗಿರಬೇಕು.

ಪುಷ್ಯದ ಚಳಿಯಲ್ಲಿ ಗಾಂಧಿ ಬಜಾರಿಗೆ ಸೊಗಡಿನ ಅವರೆಕಾಯಿ ಬರುತ್ತದೆ. ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುವ ಕೆಲಸದಲ್ಲಿ ಹಿಂದೆ ಮನೆಯ ಮಕ್ಕಳೆಲ್ಲ ಸೇರುತ್ತಿದ್ದರು. ಪೆನ್ಸಿಲು ಹಿಡಿಯುವ ಮೊದಲು ಬೆರಳು ಹದಗೊಳ್ಳಬೇಕೆಂದು ಶಿಶುಶಿಕ್ಷಣ ತಜ್ಞರು ಹೇಳುವುದನ್ನು ಹಿತಕಿದ ಅವರೆಬೇಳೆ ಸದ್ದಿಲ್ಲದೆ ಮಾಡುತ್ತಿತ್ತು. ಇಂದು ಅದೇ ಬೇಳೆ ಪೊಟ್ಟಣದಲ್ಲಿ ಸಿದ್ಧವಾಗಿ ಸಿಗುತ್ತದೆ. ಮಗುವಿನ ಬೆರಳಿಗೆ ಬೇಕಾದ ಕೆಲಸಕ್ಕಾಗಿ ಪ್ಲಾಸ್ಟಿಕ್ ಆಟಿಕೆಯನ್ನು ಬೇರೆಯಾಗಿ ಕೊಳ್ಳಲಾಗುತ್ತದೆ.

ಕೈ ಕಲಿಯುವ ಬಗೆ

ಪ್ರಕೃತಿ ಶಿಕ್ಷಣವೆಂದರೆ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ತೋಟಕ್ಕೆ ಹೋಗಿ, ಟೋಪಿ ಹಾಕಿಕೊಂಡು ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಬರುವುದು ಎಂಬ ಕಲ್ಪನೆ ಬಲವಾಗಿ ಬೇರೂರುತ್ತಿದೆ. ಜೂನ್ 5ರಂದು ನೆಟ್ಟ ಸಸಿಯನ್ನು ಜುಲೈನಲ್ಲಿ ಯಾರೂ ನೋಡದಿದ್ದರೆ ಮಗು ಕಲಿತದ್ದು ನೆಡುವುದನ್ನಲ್ಲ, ಮರೆಯುವುದನ್ನು. ಎಳೆಯ ಮನಸ್ಸು ಬೇಡುವುದು ಹೊಸ ಹೊಸ ಜಾಗಗಳನ್ನಲ್ಲ. ಒಂದೇ ಮರದ ಬುಡಕ್ಕೆ ವಾರಕ್ಕೊಮ್ಮೆ, ವರ್ಷವಿಡೀ ಹೋದರೆ ಸಾಕು. ಹೊಂಗೆ ಎಲೆ ಉದುರಿಸಿ ಬೋಳಾದದ್ದು, ಕೆಲವೇ ದಿನಗಳಲ್ಲಿ ಎಣ್ಣೆ ಸವರಿದಂಥ ಎಳೆಯ ಹಸಿರು ಹೊದ್ದದ್ದು, ಬೇಸಗೆಯಲ್ಲಿ ಅದರ ಹೂ ಉದುರಿ ಕಾಲುದಾರಿ ಬಿಳಿಯಾದದ್ದು, ಹೂವಿಗೆ ಜೇನು ಮುತ್ತಿದ್ದು ಒಂದೊಂದೂ ಒಂದೊಂದು ವಾರದ ಪಾಠ. ಶಾಲಾಮಕ್ಕಳ ಇಂಥ ವಾರದ ವೀಕ್ಷಣೆಗಳನ್ನೇ ಕೂಡಿಸಿ ದೇಶದ ಮರಗಳ ಋತುಮಾನ ದಾಖಲಿಸುವ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮ ಹದಿನೈದು ವರ್ಷಗಳಿಂದ ನಡೆಯುತ್ತಿದೆ. ಮಗುವಿನ ನೋಟಕ್ಕೂ ವಿಜ್ಞಾನದಲ್ಲಿ ಬೆಲೆ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿ ಶಿಕ್ಷಕಿಯ ಪಾತ್ರ ಸೂಕ್ಷ್ಮವಾದದ್ದು. ಮಗು ಇರುವೆಯ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಾಗ ಅವಸರಪಡಿಸದಿರುವುದು, ಹೆಸರು ಹೇಳುವ ಮೊದಲು ನೋಡಲು ಬಿಡುವುದು, ತನಗೆ ತಿಳಿಯದ ಹುಳು ಕಂಡಾಗ ತಿಳಿಯದೆಂದು ಒಪ್ಪಿಕೊಂಡು ಜೊತೆಗೆ ಹುಡುಕುವುದು. ಪರೀಕ್ಷೆಗೆ ಸಿದ್ಧಪಡಿಸುವುದಕ್ಕಿಂತ ಇದು ಕಠಿಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದಿದೆ. 2022ರಲ್ಲಿ ಬಂದ ಅದರ ಪಠ್ಯಕ್ರಮ ಚೌಕಟ್ಟು ಆಟ ಮತ್ತು ಅನುಭವಗಳನ್ನೇ ಕಲಿಕೆಯ ಮುಖ್ಯ ದಾರಿಯೆಂದು ಒಪ್ಪಿದೆ. ಕರ್ನಾಟಕದ ಅಂಗನವಾಡಿಗಳ ‘ಚಿಲಿಪಿಲಿ’ ಚಟುವಟಿಕೆಗಳಲ್ಲಿಯೂ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ಯಲ್ಲಿಯೂ ಇದೇ ತತ್ತ್ವವಿದೆ. ಕಾಗದದ ಮೇಲೆ ಕೊರತೆಯಿಲ್ಲ. ಕೊರತೆಯಿರುವುದು ನೆಲದ್ದು, ಸಮಯದ್ದು, ಶಿಕ್ಷಕಿಯ ಮೇಲಿನ ನಂಬಿಕೆಯದ್ದು.

ಅಂಗಳ ಯಾರಿಗೆ?

ಮಣ್ಣಿನಲ್ಲಿ ಆಡುವುದು ಬೆಂಗಳೂರಿನಲ್ಲಿ ಇಂದು ಮತ್ತೆ ಬೆಲೆ ಪಡೆದಿದೆ, ಆದರೆ ಬೆಲೆ ಎಂಬ ಮಾತಿನ ಎರಡೂ ಅರ್ಥದಲ್ಲಿ. ಮರದ ಆಟಿಕೆ, ಮರಳಿನ ಗುಂಡಿ, ತರಕಾರಿ ಪಾತಿಗಳಿರುವ ಶಿಶುಶಾಲೆಗಳ ಶುಲ್ಕವನ್ನು ಕೂಲಿಕಾರರ ಮನೆ ಭರಿಸಲಾರದು. ಅದೇ ಹಳೆಯ ಬಡಾವಣೆಗಳ ಮಗ್ಗುಲಿನ ಕೇರಿಗಳಲ್ಲಿ ಬಾಡಿಗೆಯ ಒಂದೇ ಕೋಣೆಯಲ್ಲಿ ನಡೆಯುವ ಅಂಗನವಾಡಿಗಳಿವೆ. ಅಡುಗೆ, ಪೌಷ್ಟಿಕ ಆಹಾರದ ಮೂಟೆ, ತೂಕದ ಯಂತ್ರ, ಮಕ್ಕಳು ಎಲ್ಲವೂ ಅದೇ ಕೋಣೆಯಲ್ಲಿ. ಅಂಗಳವಿಲ್ಲದ ಅಂಗನವಾಡಿ ಎಂಬ ವಿಪರ್ಯಾಸ ಅಲ್ಲಿ ನಿತ್ಯದ ಸತ್ಯ. 2024ರಲ್ಲಿ ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿಗಳಾಗಿ ಮೇಲ್ದರ್ಜೆಗೇರಿಸುವ ಕ್ರಮ ಆರಂಭವಾಯಿತು. ಉದ್ದೇಶ ಸ್ವಾಗತಾರ್ಹ, ಆದರೆ ಫಲಕ ಬದಲಾದ ಮಾತ್ರಕ್ಕೆ ಬಾಗಿಲಾಚೆಗೆ ನೆಲ ಹುಟ್ಟುವುದಿಲ್ಲ.

ಇಂಥ ಮಕ್ಕಳಿಗೆ ಉಳಿದಿರುವ ಏಕೈಕ ಅಂಗಳ ಬಡಾವಣೆಯ ಉದ್ಯಾನ. ಬಸವನಗುಡಿಯಲ್ಲಿ ಕೃಷ್ಣರಾವ್ ಉದ್ಯಾನವಿದೆ, ಕಹಳೆ ಬಂಡೆಯ ತಾಣವಿದೆ. ಮಲ್ಲೇಶ್ವರದ ಅಂಚಿನಲ್ಲಿ 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆಯಿದೆ. ಆದರೆ ನಗರದ ಉದ್ಯಾನಗಳು ಬಹುಕಾಲ ಬೆಳಗಿನ ಮತ್ತು ಸಂಜೆಯ ನಡಿಗೆಯವರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ನಡೆದವು. ಶಿಶುವಿಹಾರಗಳು ಆರಂಭವಾಗುವ ಹೊತ್ತಿಗೆ ಗೇಟಿಗೆ ಬೀಗ. ತೆರೆದಿರುವಾಗಲೂ ಹುಲ್ಲಿನ ಮೇಲೆ ಕಾಲಿಡಬಾರದು, ಎಲೆ ಮುಟ್ಟಬಾರದು ಎಂಬ ಫಲಕ. ಮುಟ್ಟದೆ ಕಲಿಯುವುದು ದೊಡ್ಡವರಿಗೆ ಸಾಧ್ಯವಿರಬಹುದು, ಮೂರು ವರ್ಷದ ಮಗುವಿಗೆ ಸಾಧ್ಯವಿಲ್ಲ.

ಘಟ್ಟದ ಮೇಲಿನ ವ್ಯಾನು

ನಗರದ ಈ ಕೊರತೆಯನ್ನು ಓದಿ ಮಲೆನಾಡಿನವರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬೆಳಗಿನ ಏಳೂವರೆಗೆ ಹಳ್ಳಿಯ ದಣಪೆಯ ಬಳಿ ನಿಂತು, ಹತ್ತಾರು ಕಿಲೊಮೀಟರ್ ದೂರದ ಪೇಟೆಯ ಎಲ್‌ಕೆಜಿಗೆ ಮಕ್ಕಳನ್ನು ತುಂಬಿಕೊಂಡು ಹೋಗುವ ವ್ಯಾನು ಈಗ ಘಟ್ಟದ ತುಂಬ ಕಾಣುತ್ತದೆ. ಮಗು ಬಿಟ್ಟು ಹೋಗುವುದು ಮಂಗಟ್ಟೆ ಕೂಗುವ ಬೆಟ್ಟವನ್ನು, ಹಳ್ಳದ ದಂಡೆಯನ್ನು, ಸುರಗಿ ರಂಜಗಳ ನೆಲವನ್ನು. ಹೋಗಿ ಸೇರುವುದು ಸಿಮೆಂಟಿನ ಅಂಗಳದ, ತಗಡಿನ ಮಾಡಿನ, ಗೋಡೆಯ ಮೇಲೆ ಜಿರಾಫೆಯ ಚಿತ್ರವಿರುವ ಕೋಣೆಯನ್ನು. ಅತ್ತ ಊರಿನ ಅಂಗನವಾಡಿಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತದೆ. ಅದರ ಬೆನ್ನಿಗೆ ಕಿರಿಯ ಪ್ರಾಥಮಿಕ ಶಾಲೆಯ ಬಾಗಿಲು ಮುಚ್ಚುತ್ತದೆ. ಹಣ ತೆತ್ತು ಬಸವನಗುಡಿಯ ಪೋಷಕರು ಮರಳಿ ಕೊಳ್ಳಲು ಹೊರಟಿರುವುದನ್ನು, ಹಣ ತೆತ್ತೇ ಮಲೆನಾಡಿನ ಪೋಷಕರು ಕಳೆದುಕೊಳ್ಳುತ್ತಿದ್ದಾರೆ.

ಹಾಗೆಂದು ಆ ತಾಯಿತಂದೆಯರನ್ನು ಹಳಿಯುವುದು ಅನ್ಯಾಯ. ಮಗುವಿಗೆ ಇಂಗ್ಲಿಷ್ ಬರಬೇಕು, ತಮ್ಮಂತೆ ಅದು ಕಚೇರಿಗಳ ಮುಂದೆ ಕೈಕಟ್ಟಿ ನಿಲ್ಲಬಾರದು ಎಂಬ ಅವರ ಆಸೆ ನ್ಯಾಯವಾದದ್ದು. ಕಾಡಿನ ನಡುವೆ ಹುಟ್ಟಿದ ಮಾತ್ರಕ್ಕೆ ಮಗು ಕಾಡನ್ನು ಕಲಿಯುತ್ತದೆ ಎಂಬುದೂ ಭ್ರಮೆಯೇ. ಮೊಬೈಲು ಪರದೆ ಘಟ್ಟ ಹತ್ತಿ ಬಹಳ ಕಾಲವಾಯಿತು. ಎಲೆ ಹಿಸುಕಿ ಮೂಸಿ ಇದು ಜೀರಿಗೆ ಮಿಡಿಯ ಮರ ಎನ್ನಬಲ್ಲ ಅಜ್ಜಿಯ ಅರಿವು ಅವಳ ಮೊಮ್ಮಗುವಿಗೆ ತಾನಾಗಿ ದಾಟುವುದಿಲ್ಲ. ದಾಟಿಸಲು ಒಂದು ಹೊತ್ತು, ಒಂದು ಜಾಗ, ಇದೂ ಪಾಠವೇ ಎಂಬ ಗೌರವ ಬೇಕು. ಆ ಗೌರವ ಶಾಲೆಯಲ್ಲಿ ಸಿಗದಿದ್ದರೆ ಮಗು ತನ್ನ ಅಜ್ಜಿಯನ್ನು ಓದುಬಾರದವಳೆಂದು ತಿಳಿಯುತ್ತದೆ.

ಅಪಾಯಗಳ ಬಗ್ಗೆಯೂ ಕಣ್ಣು ಮುಚ್ಚಬಾರದು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಬೇಸಗೆಯ ತಿಂಗಳುಗಳಲ್ಲಿ ಮಲೆನಾಡನ್ನು ಕಾಡುತ್ತಿದೆ. ಉಣುಗುಗಳ ಕಾಲದಲ್ಲಿ, ಮಂಗ ಸತ್ತ ಸುದ್ದಿಯಿರುವ ಕಡೆಗಳಲ್ಲಿ ಮಕ್ಕಳನ್ನು ಬೆಟ್ಟಕ್ಕೆ ಒಯ್ಯುವುದು ಖಂಡಿತ ಸಲ್ಲದು. ಕೆಂಪಗೆ ಹೊಳೆಯುವ ಗುಲಗಂಜಿಯನ್ನು ಜಗಿದರೆ ವಿಷ. ಕಣಗಿಲೆಯ ಗಿಡವೂ ಹಾಗೆಯೇ. ಇಂಥವನ್ನು ಬಚ್ಚಿಡುವುದಕ್ಕಿಂತ ಗುರುತಿಸಲು ಕಲಿಸುವುದೇ ರಕ್ಷಣೆ. ಶಿಶುವಿನ ಕಲಿಕೆಗೆ ದಟ್ಟಡವಿ ಬೇಕಿಲ್ಲ. ಅಂಗನವಾಡಿಯ ಅಂಗಳ, ಬಾವಿಕಟ್ಟೆಯ ಬಳಿಯ ಬಾಳೆ, ತೋಟದ ಅಂಚಿನ ಅಣಬೆ, ಮಳೆಗಾಲದ ಮೊದಲ ವಾರದಲ್ಲಿ ಕಾಲಿಗೆ ಹತ್ತುವ ಉಂಬಳ ಇವೇ ಸಾಕಷ್ಟು.

ಕನ್ನಡದಲ್ಲಿ ಈ ದಾರಿಯಲ್ಲಿ ನಡೆದ ಹಿರಿಯರಿದ್ದಾರೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. 1936ರಷ್ಟು ಹಿಂದೆಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕೊಟ್ಟರು. ಅದೇ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ಹೋರಾಟಕ್ಕೆ ಇಳಿದದ್ದನ್ನು ಮಲೆನಾಡು ಮರೆತಿಲ್ಲ. ಡಿ.ವಿ.ಜಿ.ಯವರ ಮಗ, ಬಸವನಗುಡಿಯ ನಂಟಿನ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ, ವಿದ್ಯಾರ್ಥಿಗಳನ್ನು ಘಟ್ಟದ ಕಾಡುಗಳಲ್ಲಿ ನಡೆಸಿದ ಅನುಭವದಿಂದ ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆಯಿತು. ಗಿಡವನ್ನು ಪುಸ್ತಕದಲ್ಲಿ ನೋಡಿ ಕಲಿಯುವುದಕ್ಕೂ ಗಿಡದ ಬುಡದಲ್ಲಿ ನಿಂತು ಕಲಿಯುವುದಕ್ಕೂ ಇರುವ ಅಂತರವನ್ನು ಕನ್ನಡಿಗರಿಗೆ ತೋರಿಸಿಕೊಟ್ಟ ಕೃತಿ ಅದು. ಆ ಅಂತರ ಕಾಲೇಜಿನಲ್ಲಿ ತಿಳಿದರೆ ತಡವಾಯಿತು; ಅಂಗನವಾಡಿಯಲ್ಲಿಯೇ ತಿಳಿಯಬೇಕು.

ನೀರಿನ ಲೆಕ್ಕ

ಮಲ್ಲೇಶ್ವರದ ಮಗು ಬೆಳಿಗ್ಗೆ ಹಲ್ಲುಜ್ಜಲು ತಿರುಗಿಸುವ ನಲ್ಲಿಯ ನೀರು ಎಲ್ಲಿಂದ ಬರುತ್ತದೆ? ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ನದಿಯಿಂದ, ಸುಮಾರು 100 ಕಿಲೊಮೀಟರ್ ದೂರದಿಂದ, ಎತ್ತರಕ್ಕೆ ಪಂಪು ಮಾಡಿ ತಂದದ್ದು. 2024ರ ಬೇಸಗೆಯಲ್ಲಿ ನಗರ ನೀರಿಗಾಗಿ ಪರದಾಡಿತು. ಅದೇ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನೇ ನಾನೂರು ಕಿಲೊಮೀಟರಿನಷ್ಟು ದೂರ ಸಾಗಿಸುವ ಪ್ರಸ್ತಾಪ ಎದ್ದು, 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿ ಪ್ರತಿಭಟಿಸಿದ್ದು ಓದುಗರಿಗೆ ನೆನಪಿದೆ. 1964ರಲ್ಲಿ ಆ ಅಣೆಕಟ್ಟಿಗಾಗಿ ಊರು, ಗದ್ದೆ, ದೈವದ ಕಟ್ಟೆಗಳನ್ನು ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಅಂದು ಬೀದಿಯಲ್ಲಿದ್ದರು.

ಇಂಥ ಯೋಜನೆಗಳನ್ನು ರೂಪಿಸುವವರು ದುಷ್ಟರೆಂದು ತಿಳಿಯಬೇಕಿಲ್ಲ. ಅವರಲ್ಲಿ ಅನೇಕರಿಗೆ ನೀರೆಂದರೆ ನಕ್ಷೆಯ ಮೇಲಿನ ನೀಲಿ ಗೆರೆ, ಟಿಎಂಸಿಯ ಅಂಕಿ. ಹಳ್ಳದಲ್ಲಿ ಕಾಲಿಟ್ಟು ಏಡಿ ಹುಡುಕದ, ಕೆರೆಯ ದಂಡೆಯಲ್ಲಿ ಕುಳಿತು ಮಿಂಚುಳ್ಳಿ ಮುಳುಗೇಳುವುದನ್ನು ನೋಡದ ಬಾಲ್ಯದಿಂದ ಬೇರೇನನ್ನು ನಿರೀಕ್ಷಿಸಬಹುದು? ಬೆಂಗಳೂರು ತನ್ನ ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣ ಮಾಡಿತು, ಸಂಪಂಗಿ ಕೆರೆಯನ್ನು ಕ್ರೀಡಾಂಗಣ ಮಾಡಿತು. ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತಾಳೆಂದು ನಂಬಲಾದ ವೃಷಭಾವತಿ, ಮೈಸೂರು ರಸ್ತೆ ಸೇರುವಷ್ಟರಲ್ಲಿ ಕಪ್ಪು ಚರಂಡಿಯಾಗುತ್ತಾಳೆ. ಆಕೆ ಮುಂದೆ ಅರ್ಕಾವತಿಯನ್ನು ಕೂಡುತ್ತಾಳೆ; ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಘಟ್ಟ ಕಳಿಸಿದ ತಿಳಿನೀರಿಗೆ ನಗರ ಹಿಂದಿರುಗಿಸುವುದು ಇದನ್ನು. ಬಸವನಗುಡಿಯ ಮಕ್ಕಳನ್ನು ಆ ನದಿಯ ಹುಟ್ಟಿನಿಂದ ಮೋರಿಯವರೆಗೆ ನಡೆಸಿಕೊಂಡು ಹೋದರೆ, ಮೂಗೇ ಅವರಿಗೆ ಪಾಠ ಹೇಳುತ್ತದೆ. ಇದು ಹೀಗೇಕೆ ಎಂಬ ಮೊದಲ ನಾಗರಿಕ ಪ್ರಶ್ನೆ ಅಲ್ಲಿ ಹುಟ್ಟುತ್ತದೆ.

ಮಾಡಬೇಕಾದದ್ದು

ದೊಡ್ಡ ಯೋಜನೆಗಾಗಿ ಕಾಯಬೇಕಿಲ್ಲ. ಬೆಂಗಳೂರಿನಲ್ಲಿ ಹಳೆಯ ಬಡಾವಣೆಗಳ ಪ್ರತಿ ಉದ್ಯಾನದ ಒಂದು ಮೂಲೆಯನ್ನು ಸಮೀಪದ ಅಂಗನವಾಡಿ ಮಕ್ಕಳ ಕೈಗೆ, ಮಣ್ಣಿಗೆ ಬಿಟ್ಟುಕೊಡಲಿ. ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ಗೇಟು ಅವರಿಗಾಗಿ ತೆರೆದಿರಲಿ. ಶುಲ್ಕ ಪಡೆಯುವ ಶಾಲೆಗಳು ವರ್ಷದ ಪ್ರವಾಸಕ್ಕೆ ಬದಲಾಗಿ ವಾರದ ನಡಿಗೆಯನ್ನು ಇಟ್ಟುಕೊಳ್ಳಲಿ. ಸಂಪಿಗೆ ರಸ್ತೆಯ ಶಾಲೆ ತನ್ನ ರಸ್ತೆಯಲ್ಲಿ ಉಳಿದಿರುವ ಮರಗಳನ್ನು ಮಕ್ಕಳಿಂದ ಎಣಿಸಲಿ. ಇಲ್ಲದಿದ್ದರೆ ಒಂದನ್ನು ನೆಟ್ಟು, ಹೂ ಬಿಡುವವರೆಗೆ ಕಾಯಲಿ.

ಮಲೆನಾಡಿನ ಹೊಣೆ ಇನ್ನೂ ಹಗುರ, ಆದುದರಿಂದಲೇ ತಪ್ಪಿಸಿಕೊಳ್ಳಲು ನೆಪವಿಲ್ಲ. ಊರಿನ ಬಾಲವಿಕಾಸ ಸಮಿತಿ ಮತ್ತು ಗ್ರಾಮಸಭೆ ಅಂಗನವಾಡಿಯ ಕಟ್ಟಡದೊಂದಿಗೆ ಅದರ ಅಂಗಳವನ್ನೂ, ಬೇಲಿಯನ್ನೂ, ನೀರನ್ನೂ ಕೇಳಿ ಪಡೆಯಬೇಕು. ತೂಕ, ಸಮೀಕ್ಷೆ, ಮೊಬೈಲಿನ ದಾಖಲಾತಿಗಳಲ್ಲಿ ಕಾರ್ಯಕರ್ತೆಯ ದಿನ ಮುಗಿದುಹೋಗುವ ಸ್ಥಿತಿಯ ವಿರುದ್ಧ ಊರೇ ಅವಳ ಪರವಾಗಿ ದನಿ ಎತ್ತಬೇಕು. ಮಕ್ಕಳೊಂದಿಗೆ ಕೂರಲು ಹೊತ್ತಿಲ್ಲದ ಶಿಕ್ಷಕಿಯಿಂದ ಯಾವ ಪದ್ಧತಿಯೂ ನಡೆಯದು. ವಾರಕ್ಕೊಂದು ಮಧ್ಯಾಹ್ನ ಊರಿನ ಅಜ್ಜಿಯೊಬ್ಬರು, ಬುಟ್ಟಿ ಹೆಣೆಯುವವರೊಬ್ಬರು, ಜೇನು ಬಲ್ಲವರೊಬ್ಬರು ಆ ಅಂಗಳಕ್ಕೆ ಗುರುಗಳಾಗಿ ಬರಬೇಕು. ಕಾಲೇಜಿನ ವಿದ್ಯಾರ್ಥಿಗಳು ತಂತಮ್ಮ ಊರಿನ ಹನ್ನೆರಡು ತಿಂಗಳ ಋತುಪಟವನ್ನು ಸಿದ್ಧಪಡಿಸಬೇಕು: ಯಾವ ಮಾಸದಲ್ಲಿ ಮುರುಗಲು ಹಣ್ಣಾಗುತ್ತದೆ, ಯಾವ ಮಳೆಗೆ ಯಾವ ಅಣಬೆ ಏಳುತ್ತದೆ, ಯಾವ ಹಕ್ಕಿ ಯಾವ ತಿಂಗಳು ಬಂದು ಹೋಗುತ್ತದೆ, ಎಲ್ಲವೂ ಆ ಊರಿನ ಹೆಸರುಗಳಲ್ಲಿಯೇ. ಗೋಡೆಯ ಸೇಬಿನ ಪಟದ ಪಕ್ಕದಲ್ಲಿ ಅದು ತೂಗಲಿ. ಇಂಗ್ಲಿಷ್ ಕಲಿಕೆಗೆ ಅದು ಅಡ್ಡಿಯಾಗದು; ಹೇಳಲು ಮಾತಿರುವ ಮಗು ಯಾವ ಭಾಷೆಯನ್ನಾದರೂ ಬೇಗ ಕಲಿಯುತ್ತದೆ.

ಮರ ಉಳಿಸಲು, ನದಿ ಉಳಿಸಲು ದಶಕಗಳಿಂದ ಮೆರವಣಿಗೆ, ಮನವಿ, ನ್ಯಾಯಾಲಯಗಳ ದಾರಿ ಹಿಡಿದ ಚಳವಳಿಗಳಿಗೆ ಈ ಕೆಲಸ ಚಿಕ್ಕದೆನಿಸಬಹುದು. ಆದರೆ ಪ್ರತಿ ಗೆಲುವನ್ನೂ ಮುಂದಿನ ತಲೆಮಾರು ಮತ್ತೊಮ್ಮೆ ಗೆಲ್ಲಬೇಕಾಗುತ್ತದೆ. ಆ ತಲೆಮಾರಿಗೆ ಉಳಿಸಬೇಕಾದದ್ದು ಏನೆಂದು ತಿಳಿದಿರಬೇಕಾದರೆ ಅದರ ಉಗುರಿನ ಸಂದಿಯಲ್ಲಿ ಒಂದಿಷ್ಟು ಮಣ್ಣು ಇರಬೇಕು. ಬರುವ ಜೂನಿನಲ್ಲಿ ಅಂಗನವಾಡಿಯ ಬಾಗಿಲು ತೆರೆದಾಗ ಅದರ ಅಂಗಳದಲ್ಲಿ ಮೂರಡಿಯ ಒಂದು ಪಾತಿ ಸಿದ್ಧವಾಗಿರಲಿ. ಮಳೆ ಉಳಿದದ್ದನ್ನು ನೋಡಿಕೊಳ್ಳುತ್ತದೆ.